ಕೇಳಿದ್ದೆಲ್ಲ ಕಲಿತದ್ದಲ್ಲ

ಭಾರವಾದ ಲಾರಿಯೊಂದು ಎದುರಿನಿಂದ ಬಂದ ಸಣ್ಣ ಕಾರಿಗೆ ಡಿಕ್ಕಿ ಹೊಡೆಯಿತೆಂದು ಭಾವಿಸೋಣ. ಲಾರಿಯು ಕಾರಿನ ಮೇಲೆ ಪ್ರಯೋಗಿಸಿದ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಪ್ರಯೋಗಿಸಿದ ಬಲ ಹೆಚ್ಚೋ? ವಾಚಕರು ಮುಂದಕ್ಕೆ ಓದುವ ಮೊದಲು ಉತ್ತರವನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ. ಎರಡು ಬಲಗಳೂ ಸಮ. ಅಷ್ಟೇ ಬಲಕ್ಕೆ ಒಳಗಾದರೂ ಕಾರಿನ ದ್ರವ್ಯರಾಶಿ ಅಲ್ಪವಾದುದರಿಂದ ಅದರ ವೇಗ ಹೆಚ್ಚು ತೀವ್ರವಾಗಿ ಬದಲಾಗುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ತಡವರಿಸದೆ ಒಪ್ಪಿಸಬಲ್ಲ ವಿದ್ಯಾರ್ಥಿಗಳಲ್ಲಿಯೂ ಎಷ್ಟೋ ಮಂದಿ ಲಾರಿಯ ಬಲವೇ ಹೆಚ್ಚೆಂದು ಹೇಳುವುದುಂಟು. ನಿಯಮವು ನಾಲಗೆಯ ಮೇಲಿದೆ, ಆಲೋಚನೆಯೊಳಕ್ಕೆ ಇಳಿದಿಲ್ಲ.

ಇದಕ್ಕೆ ವಿದ್ಯಾರ್ಥಿಗಳ ಸೋಮಾರಿತನವೇ ಕಾರಣವೆಂದು ದೂರುವುದು ಸುಲಭ. ಆದರೆ ಈ ವಿಷಯವನ್ನು ಭೌತವಿಜ್ಞಾನಿಗಳೇ ಪರೀಕ್ಷೆಗೆ ಒಡ್ಡಿದ್ದಾರೆ. ಅಮೆರಿಕದ ಡೇವಿಡ್ ಹೆಸ್ಟೆನೆಸ್ ಮತ್ತು ಅವರ ಸಂಗಡಿಗರು 1992ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕ ಮಾಡುವ ಕೆಲಸವಿಲ್ಲ. ಬಲ ಮತ್ತು ಚಲನೆಗಳನ್ನು ಕುರಿತ ಸರಳ ಪ್ರಶ್ನೆಗಳು ಮಾತ್ರ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಇಂತಹ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟಾಗ, ಕಠಿಣವಾದ ಲೆಕ್ಕಗಳನ್ನು ಬಿಡಿಸಬಲ್ಲವರೂ ಈ ಸರಳ ಪ್ರಶ್ನೆಗಳಲ್ಲಿ ಎಡವಿದರು. ತಾವು ಕಲಿಸಿದಂತೆ ಉತ್ತರಿಸಬೇಕೋ, ತಮಗೆ ತೋಚಿದಂತೆ ಉತ್ತರಿಸಬೇಕೋ ಎಂದು ಒಬ್ಬ ವಿದ್ಯಾರ್ಥಿ ಅವರನ್ನು ಕೇಳಿದುದುಂಟು. ಪಾಠಕ್ಕೊಂದು ಜ್ಞಾನ, ಬದುಕಿಗೊಂದು ಜ್ಞಾನ ಎಂಬ ಈ ಭೇದವೇ ನಮ್ಮ ಶಿಕ್ಷಣದ ರೋಗವೆಂದು ನನ್ನ ಅಭಿಪ್ರಾಯ.

ರೋಗಕ್ಕೆ ಚಿಕಿತ್ಸೆಯುಂಟೆ? 1998ರಲ್ಲಿ ರಿಚರ್ಡ್ ಹೇಕ್ ಎಂಬವರು 62 ತರಗತಿಗಳ 6,542 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಪಾಠಕ್ಕೆ ಮುನ್ನ ತಿಳಿಯದೆ ಇದ್ದುದರಲ್ಲಿ ಎಷ್ಟು ಪಾಲನ್ನು ಕಲಿತರು ಎಂಬುದೇ ಅವರ ಅಳತೆ. ಬರಿಯ ಉಪನ್ಯಾಸ ಕೇಳಿದವರಲ್ಲಿ ಈ ಪಾಲು ಸರಾಸರಿ ಶೇಕಡ 23. ತರಗತಿಯಲ್ಲಿಯೇ ಯೋಚಿಸಿ, ಚರ್ಚಿಸಿ, ತಪ್ಪನ್ನು ತಿದ್ದಿಕೊಂಡವರಲ್ಲಿ ಶೇಕಡ 48. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿಷಯಗಳ 225 ಅಧ್ಯಯನಗಳನ್ನು ಪರಿಶೀಲಿಸಿದಾಗ, ಉಪನ್ಯಾಸದ ತರಗತಿಗಳಲ್ಲಿ ನಪಾಸಾದವರು ಸರಾಸರಿ ಶೇಕಡ 33.8, ಚಟುವಟಿಕೆಯ ತರಗತಿಗಳಲ್ಲಿ ಶೇಕಡ 21.8 ಎಂದು ಕಂಡುಬಂದಿತು. ಅಂದರೆ ನೂರು ಮಂದಿಯಲ್ಲಿ ಹನ್ನೆರಡು ಮಂದಿಯ ಸೋಲು ಗೆಲುವುಗಳು ಬೋಧನೆಯ ಕ್ರಮವನ್ನು ಅವಲಂಬಿಸಿದ್ದುವು. ವಿಜ್ಞಾನವು ತಮಗೆ ಹೇಳಿಸಿದ್ದಲ್ಲವೆಂದು ಓದನ್ನೇ ಬಿಟ್ಟುಬಿಡುವವರು ಇಂತಹವರ ನಡುವಿನಿಂದಲೇ ಬರುವುದಲ್ಲವೆ?

ಮಜೂರರ ಕ್ರಮವು ಬಹು ಸರಳವಾದುದು. ಅಧ್ಯಾಪಕರು ಸ್ವಲ್ಪ ಹೊತ್ತು ವಿವರಿಸಿ, ನಾಲ್ಕು ಉತ್ತರಗಳುಳ್ಳ ಒಂದು ಪ್ರಶ್ನೆಯನ್ನು ಮುಂದಿಡುತ್ತಾರೆ. ಪ್ರತಿಯೊಬ್ಬನೂ ಮೊದಲು ತಾನೇ ಯೋಚಿಸಿ ಉತ್ತರವನ್ನು ಸೂಚಿಸಬೇಕು. ಬಳಿಕ, ಭಿನ್ನವಾದ ಉತ್ತರ ಹೇಳಿದ ನೆರೆಯವನನ್ನು ಒಪ್ಪಿಸಲು ಎರಡು ಮೂರು ನಿಮಿಷ ಪ್ರಯತ್ನಿಸಬೇಕು. ಮತ್ತೊಮ್ಮೆ ಉತ್ತರ ಕೇಳಿದ ಮೇಲೆಯೇ ವಿವರಣೆ. ಇದಕ್ಕೆ ಯಂತ್ರಗಳೇ ಬೇಕೆಂಬುದಿಲ್ಲ. ಅಕ್ಷರ ಬರೆದ ನಾಲ್ಕು ರಟ್ಟಿನ ತುಂಡುಗಳಿದ್ದರೆ ಸಾಕು.

ನೂರು ಮಂದಿಯ ತರಗತಿಯಲ್ಲಿ ಇದು ಗದ್ದಲಕ್ಕೆ ದಾರಿಯಾಗದೆ, ಪಠ್ಯಭಾಗ ಮುಗಿಯುವುದು ಹೇಗೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಲ್ಲ. ಮೇಲೆ ಹೇಳಿದ ಅಂಕಿಗಳು ಬಹುಮಟ್ಟಿಗೆ ಅಮೆರಿಕದವು. ಅವು ಇಲ್ಲಿಗೂ ಹಾಗೆಯೇ ಹೊಂದುವುವೆಂದು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ವರ್ಷದ ಮೊದಲಲ್ಲೊಮ್ಮೆ ಕೊನೆಯಲ್ಲೊಮ್ಮೆ ಅದೇ ಪ್ರಶ್ನಾವಳಿಯನ್ನು ಕೊಟ್ಟು ನಮ್ಮ ಕಾಲೇಜುಗಳಲ್ಲಿಯೂ ಅಳೆದು ನೋಡಬಹುದು. ಲೋಲಕದ ಆಂದೋಲನವನ್ನು ಅಳೆಯಲು ವಿದ್ಯಾರ್ಥಿಗೆ ಹೇಳುವ ನಾವು, ನಮ್ಮ ಬೋಧನೆಯನ್ನು ಅಳೆಯಲು ಹಿಂಜರಿಯುವುದು ಉಚಿತವಲ್ಲ. ಪಠ್ಯಭಾಗವನ್ನು ಅಧ್ಯಾಪಕರು ಮುಗಿಸಿದ ಮಾತ್ರಕ್ಕೆ ವಿದ್ಯಾರ್ಥಿಗಳು ಕಲಿತಂತಾಗುವುದೂ ಇಲ್ಲ.

ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಎಚ್ಚರಿಕೆಯುಂಟು. ಹಾರ್ವರ್ಡಿನ ಭೌತಶಾಸ್ತ್ರದ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವೇ ತಿಣುಕಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ನಿರರ್ಗಳವಾದ ಉಪನ್ಯಾಸವನ್ನು ಕೇಳಿದವರಿಗೇ ತಾವು ಹೆಚ್ಚು ಕಲಿತೆವೆಂಬ ಭಾವನೆ ಬಂದಿತ್ತು. ಓದಿನಲ್ಲಿಯೂ ಇದೇ ಮೋಸ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿದವರು ಐದು ನಿಮಿಷಗಳ ನಂತರ ಮುಂದಿದ್ದರು. ಒಂದು ವಾರದ ನಂತರವಾದರೋ ಅವರ ನೆನಪಿನಲ್ಲಿ ಉಳಿದುದು ಶೇಕಡ 40; ಒಂದು ಅವಧಿಯಲ್ಲಿ ಓದಿ, ಪುಸ್ತಕ ಮುಚ್ಚಿ, ಮೂರು ಬಾರಿ ನೆನಪಿಸಿಕೊಂಡು ಬರೆದವರಲ್ಲಿ ಶೇಕಡ 61.

ಆದುದರಿಂದ, ಅಧ್ಯಾಪಕರು ಕ್ರಮ ಬದಲಿಸುವವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಪಾಠವನ್ನು ಓದಿದೊಡನೆ ಪುಸ್ತಕ ಮುಚ್ಚಿ ಸಾರಾಂಶವನ್ನು ಬರೆಯಿರಿ. ವಾರಕ್ಕೊಮ್ಮೆ ಇಬ್ಬರು ಮೂವರು ಸ್ನೇಹಿತರು ಕಲೆತು, ಒಂದು ಪ್ರಶ್ನೆಯನ್ನು ಹಿಡಿದು ವಾದಿಸಿರಿ. ಸೂತ್ರವನ್ನು ಹೇಳುವುದಕ್ಕೆ ಮೊದಲು ಏನಾಗುತ್ತಿದೆಯೆಂಬುದನ್ನು ಸ್ವಂತ ಮಾತಿನಲ್ಲಿ ವಿವರಿಸಿರಿ. ಮುಂದೆ ನೀವು ಆಸ್ಪತ್ರೆಯಲ್ಲಿರಲಿ, ಕಾರ್ಖಾನೆಯಲ್ಲಿರಲಿ, ಹೊಲದಲ್ಲಿರಲಿ, ಪಠ್ಯಪುಸ್ತಕದ ಪ್ರಶ್ನೆಗಳು ಅಲ್ಲಿ ಅದೇ ರೂಪದಲ್ಲಿ ಎದುರಾಗುವುದಿಲ್ಲ. ಹೊಸ ಸಮಸ್ಯೆಯನ್ನು ಬಿಡಿಸಿ ನೋಡುವುದು, ತನ್ನ ನಿರ್ಣಯಕ್ಕೆ ಕಾರಣ ಕೊಡುವುದು, ಪರರ ಕಾರಣ ಸರಿಯಾಗಿದ್ದರೆ ಒಪ್ಪಿಕೊಳ್ಳುವುದು, ಇವನ್ನೇ ಉದ್ಯೋಗವು ಕೇಳುತ್ತದೆ. ಅದರ ಅಭ್ಯಾಸವು ಇಂದಿನ ತರಗತಿಯಲ್ಲಿಯೇ ಆರಂಭವಾಗಲಿ.