ಬೆಟ್ಟ ಅಗೆದರು, ಇಲಿ ಹಿಡಿಯಲಿಲ್ಲ

ಅಂಗಡಿಯಲ್ಲಿ ಇಲಿಯ ಹಿಕ್ಕೆ ಕಂಡರೆ ತಪಾಸಣೆಯವರು ನೋಟೀಸು ಬರೆಯುತ್ತಾರೆ. ಕೊಳಕು ಜಾಗದಲ್ಲಿ ತಿಂಡಿ ತಯಾರಿಸಿದವನಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಬೀಳಲಿ. ಜನರ ಹೊಟ್ಟೆಗೆ ಹೋಗುವುದು ಶುದ್ಧವಾಗಿರಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಇಲಿ ಅಂಗಡಿಯೊಳಗೆ ಹುಟ್ಟಿತೇ? ಹಿತ್ತಲಿನ ಕಸದ ಗುಡ್ಡೆಯಲ್ಲಿ, ಹೂಳೆತ್ತದ ಚರಂಡಿಯಲ್ಲಿ ಹುಟ್ಟಿತು. ಚರಂಡಿಗೆ ನೋಟೀಸು ಬರೆಯುವವರು ಯಾರು?

ಉರಿಗಾಮಿನ ಜನಕ್ಕೆ ಈ ಪ್ರಶ್ನೆ ಹೊಸದಲ್ಲ. ಜಾನ್ ಟೇಲರ್ ಕಂಪೆನಿಯವರು 1880ರ ದಶಕದಿಂದ ಇಲ್ಲಿ ಚಿನ್ನ ತೆಗೆದರು. ಅವರ ಯಂತ್ರಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗಿಳಿಯಿತು. ಆ ಆಳಕ್ಕೆ ಗಾಳಿ ಕಳಿಸುವ ವಿದ್ಯೆಯೂ ಸಿದ್ಧಿಸಿತು. ಚಿನ್ನ ಅಗೆದ ಕೂಲಿಗಾರನಿಗೆ ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲು, ಒಂದಕ್ಕೊಂದು ಅಂಟಿದ ಲೈನು. ಬೆಟ್ಟ ಅಗೆದು ಇಲಿ ಹಿಡಿದರೆಂಬ ಗಾದೆಯುಂಟು. ಇಲ್ಲಿ ಬೆಟ್ಟವನ್ನು ಅಗೆದರು, ಚಿನ್ನವನ್ನು ಒಯ್ದರು, ಇಲಿಯನ್ನು ಕೂಲಿಗಾರನ ಪಾಲಿಗೆ ಬಿಟ್ಟರು. 1956ರಲ್ಲಿ ಗಣಿ ಸರ್ಕಾರದ್ದಾಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಲೈನುಗಳು ಉಳಿದವು, ಇಲಿಗಳೂ ಉಳಿದವು.

1898ರಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂದಿತು. ಇಕ್ಕಟ್ಟಾದ ಪೇಟೆಯ ಸಾವು ಕಂಡ ಮೇಲೆ ಅಗಲ ಬೀದಿಗಳ ಬಸವನಗುಡಿ, ಮಲ್ಲೇಶ್ವರ ಎದ್ದವು. ಗಾಳಿ, ಬೆಳಕು, ಚರಂಡಿಯೇ ಮದ್ದೆಂದು ಆಳುವವರಿಗೆ ಅಂದೇ ಗೊತ್ತಿತ್ತು. ಆ ಮದ್ದು ಯಾರ ಮನೆಗೆ ಮುಟ್ಟಿತು, ಯಾರ ಮನೆಗೆ ಮುಟ್ಟಲಿಲ್ಲ ಎಂಬುದನ್ನು ಓದುಗರೇ ಬಲ್ಲರು.

ಪ್ಲೇಗು ಹಳೆಯ ಕಥೆ ಎನ್ನುವವರು ಕೇಳಲಿ. 1966ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲೇ ಅದು ಮನುಷ್ಯರಿಗೆ ತಗುಲಿತ್ತು. ಮತ್ತೆ 28 ವರ್ಷ ದೇಶದಲ್ಲಿ ಸದ್ದಿಲ್ಲದೆ ಇದ್ದು, 1994ರಲ್ಲಿ ಮಗ್ಗ ಗಿರಣಿಗಳ ಸೂರತ್ತಿನಲ್ಲಿ ಕಾಣಿಸಿಕೊಂಡಿತು. ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. 1995ರಲ್ಲಿ ಅಲ್ಲಿಗೆ ಬಂದ ಆಯುಕ್ತ ಎಸ್.ಆರ್. ರಾವ್ ಅವರು ಅಧಿಕಾರಿಗಳನ್ನು ದಿನವೂ ಬೀದಿಗಿಳಿಸಿದರು. ಎರಡು ವರ್ಷ ಕಳೆಯುವುದರೊಳಗೆ ಅದೇ ಸೂರತ್ತು ದೇಶದ ಸ್ವಚ್ಛ ನಗರಗಳ ಸಾಲಿಗೆ ಸೇರಿತು. ಆಗುವುದಿಲ್ಲ ಎಂಬ ಮಾತು ಇನ್ನು ನಮ್ಮೆದುರು ಬೇಡ.

ವಿಷ ಇಟ್ಟರೆ ಮುಗಿಯಿತೆಂದು ಕೆಲವರ ಎಣಿಕೆ. ಇಲಿ ಮೂರು ವಾರಕ್ಕೆ ಈಯುತ್ತದೆ. ಕಸ ಉಳಿದರೆ ಸತ್ತಷ್ಟೂ ಮತ್ತೆ ಹುಟ್ಟುತ್ತವೆ. ಅದಲ್ಲದೆ ಪ್ಲೇಗನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ. ಇಲಿ ಸತ್ತು ತಣ್ಣಗಾದರೆ ಚಿಗಟ ಮನುಷ್ಯನ ಕಡೆ ತಿರುಗುತ್ತದೆ. ಆದಕಾರಣ ಪ್ಲೇಗಿನ ಸುಳಿವಿದ್ದಲ್ಲಿ ಮೊದಲು ಚಿಗಟ ಕೊಲ್ಲುವ ಪುಡಿ, ಆಮೇಲೆ ಇಲಿಯ ವಿಷ. ಕಾರಣವಿಲ್ಲದೆ ಇಲಿಗಳು ಬಿದ್ದು ಸತ್ತರೆ ಕೈಯಿಂದ ಮುಟ್ಟಕೂಡದು; ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.

ಬೀದಿ, ಚರಂಡಿ, ಕಸ ಇವು ಪುರಸಭೆಗಳ ಕಡ್ಡಾಯ ಕರ್ತವ್ಯವೆಂದು 1964ರ ಕಾಯಿದೆಯೇ ಹೇಳುತ್ತದೆ. ಆದ್ದರಿಂದ ನಾವು ಕೇಳುವುದು ಭಿಕ್ಷೆಯಲ್ಲ. ಅಂಗಡಿಯ ತಪಾಸಣೆಯಂತೆ ವಾರ್ಡಿನ ಚರಂಡಿಗಳ ತಪಾಸಣೆಯೂ ನಡೆಯಲಿ. ಅದರ ವರದಿಯನ್ನು ಎಲ್ಲರೂ ಓದುವಂತೆ ಗೋಡೆಗೆ ಅಂಟಿಸಲಿ. ಹೂಳನ್ನು ಯಂತ್ರದಿಂದ ಎತ್ತಿಸಲಿ. ನಮ್ಮ ಬೀದಿ ಶುದ್ಧವಾಗಲೆಂದು ಇನ್ನೊಬ್ಬ ಬಡವನನ್ನು ಬರಿಗೈಯಲ್ಲಿ ಗುಂಡಿಗಿಳಿಸುವುದನ್ನು ನಾವು ಒಪ್ಪೆವು. ಮಲ ಬಾಚಿಸುವುದನ್ನು 2013ರ ಕಾಯಿದೆಯೂ ನಿಷೇಧಿಸಿದೆ.

ವ್ಯಾಪಾರಿ ಮಿತ್ರರೂ ಮೂಟೆಗಳನ್ನು ನೆಲದಿಂದ ಎತ್ತಿಡಲಿ, ಗೋಡೆಯ ತೂತು ಮುಚ್ಚಲಿ. ಲೈನಿನವರು ಕೊಳಕರೆಂದು ಅಂಗಡಿಯವರೂ, ಅಂಗಡಿಯವರೇ ಕೊಳಕರೆಂದು ಲೈನಿನವರೂ ಜಗಳವಾಡುತ್ತಿದ್ದರೆ ಕುರ್ಚಿಯಲ್ಲಿ ಕುಳಿತವರಿಗೆ ಸುಖ. ಇಬ್ಬರೂ ಒಂದೇ ಅರ್ಜಿಗೆ ರುಜು ಹಾಕಿ, ಒಟ್ಟಾಗಿ ಹೋಗಿ ಕೊಟ್ಟು, ಉತ್ತರ ಪಡೆಯದೆ ಹಿಂತಿರುಗಕೂಡದು.