ಕಂತು ತಪ್ಪಿದರೆ ಫೋನಿಗೆ ಬೀಗವೇ?

ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಯಾವುದಾದರೊಂದು ಚಹಾದಂಗಡಿಯ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಗ್ರಾನೈಟ್ ಕಾರ್ಖಾನೆಯಿಂದ ಬಂದವನ ಕೂದಲಲ್ಲಿ ಇನ್ನೂ ಕಲ್ಲಿನ ಧೂಳಿರುತ್ತದೆ, ಆದರೆ ಅವನ ಚರ್ಚೆ ಮಾತ್ರ ಪ್ರೊಸೆಸರ್‌ನ ವೇಗದ ಬಗ್ಗೆ. ಯಾವ ಕಂಪೆನಿಯ ಕ್ಯಾಮರಾ ರಾತ್ರಿಯ ಬೆಳಕಿಗೆ ಒಳ್ಳೆಯದು, ಯಾವ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಚೀನಾದ ಫೋನು ಮೇಲೋ ಕೊರಿಯಾದ ಫೋನು ಮೇಲೋ ಎಂಬ ವಾಗ್ವಾದ ಕೆಲವೊಮ್ಮೆ ಸ್ನೇಹ ಕೆಡುವ ಮಟ್ಟಕ್ಕೂ ಹೋಗುತ್ತದೆ. ಉತ್ತರ ಕರ್ನಾಟಕದ ಹುಡುಗ, ಬಿಹಾರದ ಹುಡುಗ, ಆನೇಕಲ್‌ನ ನಮ್ಮದೇ ಮೊಹಲ್ಲಾದ ಹುಡುಗ, ಎಲ್ಲರೂ ಈ ವಿಷಯದಲ್ಲಿ ಪಂಡಿತರೇ. ಆದರೆ ಆ ಫೋನು ನಿಜವಾಗಿ ಯಾರದು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಅಲ್ಲಿ ಯಾರೂ ಎತ್ತುವುದಿಲ್ಲ.

ಪ್ರಶ್ನೆ ವಿಚಿತ್ರವೆನಿಸಬಹುದು. ದುಡ್ಡು ಕೊಟ್ಟು ತಂದವನದೇ ಅಲ್ಲವೇ? ಅಲ್ಲ, ಅವನು ಕೊಟ್ಟದ್ದು ಕಂತು. ಸಾಲ ಕೊಟ್ಟ ಸಂಸ್ಥೆ ಹಲವು ಬಾರಿ ಅಂಗಡಿಯಲ್ಲಿಯೇ ಆ ಫೋನಿನೊಳಗೆ ಒಂದು ಆ್ಯಪನ್ನು ಕೂರಿಸಿ ಕಳುಹಿಸುತ್ತದೆ. ಕಂತು ತಪ್ಪಿದ ದಿನ ಆ ಆ್ಯಪ್ ಎಚ್ಚರಗೊಂಡು ಫೋನಿಗೆ ಬೀಗ ಹಾಕುತ್ತದೆ. ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ರಿಸರ್ವ್ ಬ್ಯಾಂಕು 2024ರಲ್ಲಿ ಸಾಲ ಸಂಸ್ಥೆಗಳಿಗೆ ಸೂಚಿಸಿತ್ತೆಂದೂ, ಈಗ ಗ್ರಾಹಕನ ಪೂರ್ವ ಸಮ್ಮತಿಯ ಷರತ್ತಿನೊಂದಿಗೆ ಅದನ್ನು ಮತ್ತೆ ಅನುಮತಿಸುವ ಯೋಚನೆಯಲ್ಲಿದೆಯೆಂದೂ 2025ರ ಸೆಪ್ಟೆಂಬರ್‌ನಲ್ಲಿ ವರದಿಗಳು ಬಂದವು. ಸಾಧಕ ಬಾಧಕಗಳನ್ನು ಪರಿಶೀಲಿಸುತ್ತಿದ್ದೇವೆ ಎಂದು ಗವರ್ನರ್ ಸಂಜಯ್ ಮಲ್ಹೋತ್ರಾ ಅಕ್ಟೋಬರ್‌ನಲ್ಲಿ ಹೇಳಿದರು. ಈ ಯೋಚನೆ ಯಾವ ರೂಪದಲ್ಲಿ ಜಾರಿಗೆ ಬಂದರೂ ಅದು ಅನ್ಯಾಯವೆಂದೇ ನಾವು ಭಾವಿಸುತ್ತೇವೆ.

ಮೊದಲು ಈ ಕಂತಿನ ಲೆಕ್ಕವನ್ನೇ ನೋಡೋಣ. ಅಂಗಡಿಯ ಫಲಕದಲ್ಲಿ 'ಬಡ್ಡಿಯಿಲ್ಲದ ಕಂತು' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. 18,000 ರೂಪಾಯಿಯ ಫೋನು, ತಿಂಗಳಿಗೆ 3,000ದಂತೆ ಆರು ಕಂತು. ಕೂಡಿಸಿದರೆ ಸರಿಯಾಗಿ 18,000. ಬಡ್ಡಿಯೆಲ್ಲಿ? ಅದೇ ಅಂಗಡಿಯಲ್ಲಿ ನಗದು ಹಿಡಿದು ಚೌಕಾಸಿ ಮಾಡಿದವನಿಗೆ ಆ ಫೋನು 17,100ಕ್ಕೆ ಸಿಗುವುದಾದರೆ ಉತ್ತರ ಅಲ್ಲಿದೆ. ಆ 900 ರೂಪಾಯಿ ರಿಯಾಯಿತಿಯನ್ನು ಕಂತಿನವನಿಗೆ ಕೊಡದೆ ಸಾಲ ಸಂಸ್ಥೆಗೆ ದಾಟಿಸಲಾಗುತ್ತದೆ. ಆರು ತಿಂಗಳಲ್ಲಿ ತೀರುವ ಸಾಲಕ್ಕೆ ಇದನ್ನು ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು ಒಂದೂವರೆಯಂತೆ ವರ್ಷಕ್ಕೆ ನೂರಕ್ಕೆ 18ರ ಬಡ್ಡಿಯಾಯಿತು. ಇದರ ಮೇಲೆ ಸಂಸ್ಕರಣಾ ಶುಲ್ಕ, ಆ ಶುಲ್ಕಕ್ಕೆ ಶೇ. 18ರ ಜಿಎಸ್‌ಟಿ ಬೇರೆ. ಇದು ನಾವು ಕಂಡುಹಿಡಿದ ರಹಸ್ಯವೇನಲ್ಲ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲ, ಬಡ್ಡಿಯನ್ನು ಶುಲ್ಕದ ವೇಷದಲ್ಲಿ ಅಡಗಿಸಲಾಗುತ್ತಿದೆ ಎಂಬರ್ಥದ ಸುತ್ತೋಲೆಯನ್ನು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್ 17ರಂದೇ ಬ್ಯಾಂಕುಗಳಿಗೆ ಕಳುಹಿಸಿತ್ತು. ಬಳಿಕ ಆದದ್ದೇನು? 'ಶೂನ್ಯ ಬಡ್ಡಿ'ಯ ಫಲಕ ಕೆಳಗಿಳಿಯಿತು, 'ಹೆಚ್ಚುವರಿ ವೆಚ್ಚವಿಲ್ಲ' ಎಂಬ ಫಲಕ ಮೇಲೇರಿತು!

ಬಡ್ಡಿಯ ಹೆಸರೆತ್ತಿದರೆ ಬೆಚ್ಚಿಬೀಳುವ ನಮ್ಮ ಸಮುದಾಯದ ಮನೆಗಳಿಗೇ ಈ ಬಡ್ಡಿ ಮುಸುಕು ಹಾಕಿಕೊಂಡು ಬಂದಿದೆ. ಇಲ್ಲೊಂದು ಸೂಕ್ಷ್ಮವನ್ನು ಹೇಳಲೇಬೇಕು. ವ್ಯಾಪಾರಿಯೇ ತನ್ನ ವಸ್ತುವನ್ನು ನಗದಿಗಿಂತ ಹೆಚ್ಚಿನ ಬೆಲೆಗೆ ಕಂತಿನಲ್ಲಿ ಮಾರುವುದನ್ನು, ಬೆಲೆ ಒಂದೇ ಮಾತಿನಲ್ಲಿ ನಿಶ್ಚಯವಾಗುವುದಾದರೆ, ಬಹುಪಾಲು ಫಿಕ್‌ಹ್ ವಿದ್ವಾಂಸರು ಅನುಮತಿಸಿದ್ದಾರೆ. ಮೊಬೈಲ್ ಅಂಗಡಿಯಲ್ಲಿ ನಡೆಯುವುದು ಅದಲ್ಲ. ಅಲ್ಲಿ ಮಾರುವವನೊಬ್ಬ, ಸಾಲ ಕೊಡುವವನು ಇನ್ನೊಬ್ಬ, ತಡವಾದರೆ ದಂಡ. ತಡವಾದುದಕ್ಕೆ ಹಣ ಬೆಳೆಯುವುದೇ ಅರಬರ ಅಜ್ಞಾನ ಕಾಲದ ಬಡ್ಡಿಯ ಮೂಲ ರೂಪವಾಗಿತ್ತು. ದಂಡಬಡ್ಡಿ ಹಾಕಕೂಡದು, ಹಾಕುವುದಾದರೆ ದಂಡಶುಲ್ಕ ಮಾತ್ರ, ಅದರ ಮೇಲೆ ಮತ್ತೆ ಬಡ್ಡಿ ಕೂಡದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಆದೇಶಿಸಿದ್ದು ಸ್ವಾಗತಾರ್ಹವೇ. ಆದರೆ ಹೆಸರು ಬದಲಾದ ದಂಡವೂ ಬಡವನ ಜೇಬಿನಿಂದಲೇ ಹೋಗುತ್ತದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝಿನ ಬಗ್ಗೆಯೋ ಹಜ್ಜ್‌ನ ಬಗ್ಗೆಯೋ ಇರದೆ, ಸಾಲದ ಕರಾರನ್ನು ಬರೆದಿಡಬೇಕೆಂಬ ಬಗ್ಗೆ ಇದೆ. ಅದಕ್ಕಿಂತ ತುಸು ಮುಂಚೆಯೇ, ಸಂಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂಬ ಆದೇಶವಿದೆ. ಫೋನಿಗೆ ಬೀಗ ಹಾಕುವ ಆ್ಯಪಿಗೆ ಸಂಕಷ್ಟ ಎಂಬ ಶಬ್ದದ ಅರ್ಥ ಗೊತ್ತೇ? ಕಂತು ಕಟ್ಟದವನು ಮೋಸಗಾರನೋ, ಕಾರ್ಖಾನೆಯ ಯಂತ್ರಕ್ಕೆ ಕೈ ಸಿಕ್ಕಿ ಆಸ್ಪತ್ರೆಯಲ್ಲಿರುವವನೋ ಎಂಬುದನ್ನು ಅದು ವಿಚಾರಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ತಾರೀಕು ಮಾತ್ರ.

ಬೀಗದ ಪರವಾಗಿ ವಾದಿಸುವವರು ಫೋನನ್ನು ಒಂದು ವಿಲಾಸದ ವಸ್ತುವೆಂದು ತಿಳಿದಿದ್ದಾರೆ. ಇಪ್ಪತ್ತು ವರ್ಷಗಳ ಹಿಂದಾಗಿದ್ದರೆ ನಾವೂ ಹಾಗೆಯೇ ಹೇಳುತ್ತಿದ್ದೆವು, ಬಹುಶಃ ಹೇಳಿದ್ದೇವೆ. ಇಂದು ಜಿಗಣಿಯ ಗುತ್ತಿಗೆ ಕಾರ್ಮಿಕನಿಗೆ ನಾಳೆ ಯಾವ ಪಾಳಿ ಎಂಬ ಸಂದೇಶ ಬರುವುದು ಫೋನಿಗೆ. ಭವಿಷ್ಯನಿಧಿಯ ಹಣ ತೆಗೆಯಲು ಬೇಕಾದ ಒಟಿಪಿ ಬರುವುದು ಫೋನಿಗೆ. ಊರಿನಲ್ಲಿರುವ ತಾಯಿಗೆ ದುಡ್ಡು ಕಳುಹಿಸುವುದು ಫೋನಿನಿಂದ, ಮಧ್ಯಾಹ್ನದ ಊಟಕ್ಕೆ ದುಡ್ಡು ಕೊಡುವುದೂ ಫೋನಿನಿಂದ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಆರಂಭಿಸಿದಾಗ, ಸ್ವತಃ ಹೆಸರು ನೋಂದಾಯಿಸಲು ಬೇಕಾಗಿದ್ದುದೂ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯೇ. ಎಲ್ಲವನ್ನೂ ಫೋನಿನ ಮೂಲಕವೇ ಮಾಡಿ ಎಂದು ಸರಕಾರ ಹೇಳುತ್ತದೆ, ಆ ಫೋನಿನ ಬೀಗದಕೈ ಮಾತ್ರ ಸಾಲ ಕೊಟ್ಟವನ ಬಳಿಯಿರಲಿ ಎಂದರೆ ಏನರ್ಥ? ದುಡಿದು ಸಾಲ ತೀರಿಸಬೇಕಾದವನ ದುಡಿಮೆಯ ದಾರಿಯನ್ನೇ ಮುಚ್ಚಿ, ಸಾಲ ತೀರಿಸು ಎಂದು ಹೇಳುವ ಜಾಣತನವಿದು.

ಬ್ರಿಟಿಷರು ನಮ್ಮ ಬಗ್ಗೆ ವಿಶೇಷ ಕನಿಕರವಿದ್ದವರೇನಲ್ಲ. ಆದರೂ ಅವರ ಕಾಲದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನು ಓದಿ ನೋಡಿ. ನ್ಯಾಯಾಲಯದಲ್ಲಿ ಗೆದ್ದು ಡಿಕ್ರಿ ಪಡೆದ ಸಾಹುಕಾರನೂ ಸಾಲಗಾರನ ಅಗತ್ಯದ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆಗಳನ್ನು ಜಪ್ತಿ ಮಾಡುವಂತಿಲ್ಲ. ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟುವಂತಿಲ್ಲ. ರೈತನ ನೇಗಿಲು, ಎತ್ತು, ಬಿತ್ತನೆ ಬೀಜವನ್ನು ಮುಟ್ಟುವಂತಿಲ್ಲ. ಬಡಗಿಯ ಉಳಿಯನ್ನು ಕಿತ್ತುಕೊಂಡರೆ ಅವನು ಸಾಲ ತೀರಿಸುವುದಾದರೂ ಹೇಗೆ ಎಂಬ ಸಾಮಾನ್ಯ ವಿವೇಕ ಆ ಕಾನೂನಿನಲ್ಲಿದೆ. ಸಾಲದಿಂದಲೇ ಕೊಂಡ ಫೋನಿಗೆ ಈ ಕಲಮು ನೇರವಾಗಿ ಅನ್ವಯಿಸುತ್ತದೆಂದು ನಾವು ವಾದಿಸುತ್ತಿಲ್ಲ. ಆದರೆ ಆ ವಿವೇಕ ಮಾತ್ರ ಅನ್ವಯಿಸಲೇಬೇಕು. ಅಷ್ಟಕ್ಕೂ ಅಲ್ಲಿ ಜಪ್ತಿಗೆ ಮುನ್ನ ಒಬ್ಬ ನ್ಯಾಯಾಧೀಶರಿರುತ್ತಾರೆ, ನೋಟೀಸಿರುತ್ತದೆ, ಸಾಲಗಾರನ ಮಾತಿಗೂ ಜಾಗವಿರುತ್ತದೆ. ಸಾಲ ವಸೂಲಿಗೆ ಬ್ಯಾಂಕುಗಳು ತೋಳ್ಬಲದವರನ್ನು ಕಳುಹಿಸಬಾರದೆಂದು ಸುಪ್ರೀಂ ಕೋರ್ಟು 2007ರಲ್ಲಿ ಕಟುವಾಗಿ ಹೇಳಿತ್ತು. ಮನೆ ಬಾಗಿಲಿಗೆ ಬರುವ ಗೂಂಡಾ ಬೇಡವೆಂದ ಮೇಲೆ ಫೋನಿನೊಳಗೆ ಕುಳಿತ ಗೂಂಡಾ ಹೇಗೆ ಬೇಕಾಗುತ್ತಾನೆ?

ಬೀಗವಿಲ್ಲದಿದ್ದರೆ ಬಡವನಿಗೆ ಸಾಲವೇ ಸಿಗದು, ಸಿಕ್ಕರೂ ಬಡ್ಡಿ ಏರುತ್ತದೆ ಎಂಬುದು ಎದುರು ಪಕ್ಷದ ಅತ್ಯಂತ ಬಲವಾದ ವಾದ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ವೇತನದ ಚೀಟಿಯಿಲ್ಲದ, ಬಾಡಿಗೆ ಕರಾರಿಲ್ಲದ ವಲಸೆ ಕಾರ್ಮಿಕನಿಗೆ ಸಾಲ ಕೊಡುವವರು ಕಡಿಮೆಯೇ. ಆದರೆ ಸಾಲ ಕೊಡುವ ಮುನ್ನ ಅವನ ಸಂಬಳವೆಷ್ಟು, ಕಟ್ಟುವ ಶಕ್ತಿಯೆಷ್ಟು ಎಂದು ನೋಡಬೇಕಾದುದು ಕೊಡುವವನ ಕೆಲಸ. ಬೀಗ ಕೈಯಲ್ಲಿದ್ದರೆ ಆ ಕೆಲಸ ಮಾಡಬೇಕಾಗಿಯೇ ಇಲ್ಲ. ಹದಿನೈದು ಸಾವಿರ ಸಂಬಳದವನಿಗೆ ಅರುವತ್ತು ಸಾವಿರದ ಫೋನನ್ನು ಐದು ನಿಮಿಷದಲ್ಲಿ ಹೊರಿಸುವ ಧೈರ್ಯ ಬರುವುದು ಆ ಬೀಗದಿಂದಲೇ. ಇನ್ನು ಸಮ್ಮತಿಯ ಮಾತು. ಇಂಗ್ಲಿಷಿನಲ್ಲಿರುವ ಇಪ್ಪತ್ತು ಪರದೆಗಳನ್ನು ಅಂಗಡಿಯ ಹುಡುಗನೇ ಒತ್ತಿ ಮುಗಿಸಿದ್ದನ್ನು ಸಮ್ಮತಿ ಎನ್ನುವುದಾದರೆ ಬಲಾತ್ಕಾರಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಘೋಷಿಸಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪಿನ ಫಲ ಕೋರಮಂಗಲದ ಸುಶಿಕ್ಷಿತನಿಗೆ ಮಾತ್ರ ಸಲ್ಲಬೇಕೇ, ಜಿಗಣಿಯ ಬಾಡಿಗೆ ಕೋಣೆಗೆ ಸಲ್ಲಬಾರದೇ?

ಫೋನಿನೊಳಗೆ ಸಾಲಗಾರನ ಕೈ ಬಿಟ್ಟರೆ ಏನಾಗುತ್ತದೆಂಬುದನ್ನು ಈ ನಾಡು ಒಮ್ಮೆ ಕಂಡಿದೆ. 2020ರ ಲಾಕ್‌ಡೌನ್ ಬಳಿಕ ಕೆಲಸ ಕಳಕೊಂಡವರು ಸಾಲದ ಆ್ಯಪ್‌ಗಳ ಮೊರೆ ಹೋದರು. ಅವು ಮೊದಲು ಕಸಿದುಕೊಂಡದ್ದು ಸಂಪರ್ಕ ಸಂಖ್ಯೆಗಳ ಪಟ್ಟಿಯನ್ನೂ ಫೋಟೋಗಳನ್ನೂ. ಕಂತು ತಪ್ಪಿದಾಗ ಅತ್ತೆಗೆ, ಮಾವನಿಗೆ, ಧಣಿಗೆ, ಶಾಲಾ ಗೆಳತಿಗೆ ಬೈಗುಳದ ಸಂದೇಶ ಹೋಯಿತು, ತಿರುಚಿದ ಚಿತ್ರಗಳು ಹೋದವು. ಮಾನಕ್ಕಂಜಿ ಪ್ರಾಣ ಬಿಟ್ಟವರಿದ್ದಾರೆ. ರಿಸರ್ವ್ ಬ್ಯಾಂಕಿನ ಕಾರ್ಯತಂಡವು 2021ರ ಮೊದಲ ಎರಡು ತಿಂಗಳಲ್ಲಿ ಕಂಡ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600ರಷ್ಟು ಅಕ್ರಮವಾಗಿದ್ದವು. ಬೆಂಗಳೂರು ಸೈಬರ್ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳ ಆಧಾರದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯವು ನಗರದ ಆರು ಕಡೆ ಶೋಧ ನಡೆಸಿತು. ಅದೇ ತಿಂಗಳಲ್ಲಿ, ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋಗಳನ್ನು ಮುಟ್ಟಬಾರದೆಂಬ ನಿಯಮವೂ ಬಂತು. ಪ್ರಾಣಗಳು ಹೋದ ಬಳಿಕ ಬಂದ ನಿಯಮವದು. ಅಷ್ಟು ಕಷ್ಟಪಟ್ಟು ಫೋನಿನಿಂದ ಹೊರಗೆ ತಳ್ಳಿದ ಕೈಯನ್ನು ಬೀಗದ ಹೆಸರಿನಲ್ಲಿ ಮತ್ತೆ ಒಳಗೆ ಬಿಟ್ಟುಕೊಳ್ಳುವುದು ಯಾವ ನ್ಯಾಯ?

ಸರಕಾರವನ್ನೂ ಕಂಪೆನಿಗಳನ್ನೂ ಬೈದು ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ. ನಮ್ಮ ಮನೆಗಳ ಕಡೆಗೂ ತಿರುಗಬೇಕು. ಮಗಳ ಕೈಯಲ್ಲಿ ಫೋನು ಕಂಡರೆ ಹೌಹಾರುವ ತಂದೆ, ಮಗನ ಫೋನು ಎಲ್ಲಿಂದ ಬಂತು, ಅದರ ಕಂತನ್ನು ಯಾರು ಕಟ್ಟುತ್ತಿದ್ದಾರೆ ಎಂದು ಕೇಳುವುದಿಲ್ಲ. ಎಷ್ಟೋ ಜಮಾಅತ್‌ಗಳಲ್ಲಿ ಮೊಬೈಲಿನ ಕುರಿತ ಪ್ರವಚನವೆಂದರೆ ಹೆಣ್ಮಕ್ಕಳ ನಡತೆಯ ಪ್ರವಚನ. ಗಂಡುಮಕ್ಕಳ ಸಾಲದ ಕುರಿತು, ಆನ್‌ಲೈನ್ ಜೂಜಿನ ಕುರಿತು ಮಿಂಬರ್‌ನಿಂದ ಎಷ್ಟು ಮಾತುಗಳು ಬಂದಿವೆ? ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸುವ ತನಕ, ಸಾಲದ ಆ್ಯಪಿನಿಂದ ತೆಗೆದ ಹಣ ಆಟದ ಆ್ಯಪಿಗೆ ಹರಿಯುವುದನ್ನು ನಾವೆಲ್ಲ ನೋಡುತ್ತಲೇ ಇದ್ದೆವು. ಮದುವೆಯ ಮಾತುಕತೆಯಲ್ಲಿ ವರನಿಗೊಂದು ಒಳ್ಳೆಯ ಫೋನು ಎಂಬ 'ಪುಟ್ಟ ಕೋರಿಕೆ'ಯನ್ನು ಈಡೇರಿಸಲು ಹೆಣ್ಣಿನ ಅಣ್ಣ ಕಂತಿಗೆ ಸಹಿ ಹಾಕಿದ್ದೂ ಉಂಟು. ಬೈತುಲ್‌ಮಾಲ್ ಇದ್ದರೂ ದುಡಿಮೆಯ ಸಾಧನವೆಂದು ಒಂದು ಸಾಧಾರಣ ಫೋನಿಗೆ ಬಡ್ಡಿರಹಿತ ಸಾಲ ಕೊಡಬಹುದೆಂಬ ಆಲೋಚನೆ ಎಷ್ಟು ಊರುಗಳಲ್ಲಿ ಬಂದಿದೆ? ಹೊಲಿಗೆ ಯಂತ್ರ ವಿತರಣೆಯ ಫೋಟೋ ತೆಗೆಸಿಕೊಳ್ಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಕಾನೂನಿನಲ್ಲಿ ಈಗಲೇ ಇರುವ ಒಂದು ಅಸ್ತ್ರವನ್ನು ಓದುಗರು ಗಮನಿಸಬೇಕು. 2024ರ ಅಕ್ಟೋಬರ್ 1ರಿಂದ ಕ್ರೆಡಿಟ್ ಕಾರ್ಡ್ ಹೊರತುಪಡಿಸಿ ಚಿಲ್ಲರೆ ಸಾಲಗಳಿಗೆ ಸಂಸ್ಥೆಯು ಮುಖ್ಯಾಂಶಗಳ ಪತ್ರವನ್ನು ಕೊಡಬೇಕು. ವಾರ್ಷಿಕ ವೆಚ್ಚದ ದರ, ಶುಲ್ಕಗಳು, ವಸೂಲಿಯ ರೀತಿ ಅದರಲ್ಲಿರಬೇಕು. ಅದು ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವೂ ಇರಬೇಕು. ಐದು ನಿಮಿಷದಲ್ಲಿ ಫೋನು ಕೈಗಿಡುವ ಅಂಗಡಿಯಲ್ಲಿ ಈ ಪತ್ರವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ ನೋಡಿ. ಮನೆಗೆ ಒಯ್ದು ಬಲ್ಲವರಿಗೆ ತೋರಿಸಿ ನಾಡಿದ್ದು ಬರುತ್ತೇನೆ ಎನ್ನಿ. ಬೀಗದ ಆ್ಯಪ್ ಇದೆಯೇ ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಕೇಳಿ. ಸಾಲ ಕೊಡುವ ಆ್ಯಪ್‌ನ ಹೆಸರು ರಿಸರ್ವ್ ಬ್ಯಾಂಕು 2025ರ ಜುಲೈಯಲ್ಲಿ ತೆರೆದ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಂದಲೇ ಹಿಂದಿರುಗಿ. ಬೆದರಿಕೆ ಬಂದರೆ 1930ಕ್ಕೆ ಕರೆ ಮಾಡಿ. ಜಿಗಣಿ, ಬೊಮ್ಮಸಂದ್ರ, ಆನೇಕಲ್‌ನ ಮಸೀದಿಗಳಲ್ಲಿ ಮುಂದಿನ ಜುಮಾದ ಬಳಿಕ ಓದು ಬಲ್ಲ ಇಬ್ಬರು ಯುವಕರು ಒಂದು ಗಂಟೆ ಕುಳಿತು, ಹಾಜರಿದ್ದವರ ಫೋನುಗಳಲ್ಲಿ ಯಾವ ಆ್ಯಪಿಗೆ ಯಾವ ಅನುಮತಿ ಕೊಡಲಾಗಿದೆ ಎಂದು ಒಂದೊಂದಾಗಿ ತೆರೆದು ನೋಡಲಿ. ಅದಕ್ಕೆ ಮಸೀದಿ ಕಮಿಟಿಯ ಠರಾವೂ ಬೇಕಾಗಿಲ್ಲ, ಸರಕಾರದ ಅನುದಾನವೂ ಬೇಕಾಗಿಲ್ಲ.