ಹಳೆಯ ಮೋಟಾರ್ ಸೈಕಲ್ ಸಾಕೆ, ಹೊಸದು ಬೇಕೆ?

ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೀವು ನೋಡಿದ್ದೀರಿ. ನೀವೇ ಆ ರೈತರೂ ಆಗಿರಬಹುದು. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಲು ಅರ್ಧ ದಿನ ಹಿಡಿದರೂ ಬೇಸರಪಡುವುದಿಲ್ಲ. ಅದೇ ರೈತ ಪಟ್ಟಣದ ಮೋಟಾರ್ ಸೈಕಲ್ ಅಂಗಡಿಗೆ ಹೋದರೆ ಅರ್ಧ ಗಂಟೆಯಲ್ಲಿ ಹತ್ತು ಹನ್ನೆರಡು ಕಡೆ ಸಹಿ ಹಾಕಿ, ಹಾರ ಹಾಕಿದ ಗಾಡಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾನೆ. ಎತ್ತಿಗೆ ತೋರಿದ ಎಚ್ಚರ ಗಾಡಿಗೆ ಏಕಿಲ್ಲ?

2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್ ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದ ಮೇಲೆ ನನ್ನನ್ನು ಈ ಪ್ರಶ್ನೆ ಕೇಳುವವರು ಹೆಚ್ಚಾಗಿದ್ದಾರೆ. "ಈಗ ತಗೊಳ್ಳದೆ ಇನ್ಯಾವಾಗ?" ಎಂದು ಮನೆಯ ಹುಡುಗರು ಹೇಳುತ್ತಾರಂತೆ. ಬೆಲೆ ಇಳಿದಿರುವುದು ನಿಜ. ಆದರೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದಿನಕ್ಕೆ ಹದಿನೈದು ಇಪ್ಪತ್ತು ಕಿ.ಮೀ. ಮೀರಿ ಓಡಿಸದ ರೈತನು, ಹಳೆಯ ಗಾಡಿಯ ಬ್ರೇಕು, ಚಾಸಿ ಮತ್ತು ಕಾಗದಪತ್ರ ಈ ಮೂರೂ ಸರಿಯಿದ್ದರೆ, ಸಾಲ ಮಾಡಿ ಹೊಸದನ್ನು ತರಬೇಕಾಗಿಲ್ಲ. ಈ ಮೂರರಲ್ಲಿ ಕಾಗದಪತ್ರದ ಮಾತೇ ಮುಖ್ಯ; ನಮ್ಮವರು ಹೆಚ್ಚು ಅಲಕ್ಷ್ಯ ಮಾಡಿರುವುದೂ ಅದನ್ನೇ.

ನಾನು ಹಳೆಯ ಗಾಡಿಯ ಪಕ್ಷಪಾತಿ ಎಂದು ಕೆಲವರು ಹೇಳಬಹುದು. ಒಪ್ಪುತ್ತೇನೆ. ನಮ್ಮ ಮನೆಯಲ್ಲಿರುವುದು 1986ರಲ್ಲಿ ಕೊಂಡ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ತಯಾರಾಗುತ್ತಿದ್ದಾಗ ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರಿಗೆ ಅದು ನೆರೆಮನೆಯ ಸರಕಿನಂತಿತ್ತು. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರಾಗುವ ಆ ಗಾಡಿಯ ಮೇಲೆ ಹಾಲಿನ ಕ್ಯಾನು, ಹಸಿಹುಲ್ಲಿನ ಹೊರೆ, ಗೊಬ್ಬರದ ಮೂಟೆ ಎಲ್ಲವೂ ಸವಾರಿ ಮಾಡಿವೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರಿನಲ್ಲಿ 2018ರಲ್ಲಿ, ಯೆಜ್ಡಿ ಹೆಸರಿನಲ್ಲಿ 2022ರಲ್ಲಿ ಹೊಸ ಗಾಡಿಗಳು ಬಂದವಾದರೂ ಅವು ಬೇರೆ ಕಂಪನಿಯವು, ಬೇರೆ ಎಂಜಿನ್ನಿನವು, ಮೈಸೂರಿನವಲ್ಲ. ನಮ್ಮ ಹಳೆಯ ಯೆಜ್ಡಿಗೆ ಅವುಗಳ ಒಂದು ನಟ್ಟೂ ಹೊಂದುವುದಿಲ್ಲ.

ಪಕ್ಷಪಾತ ಬದಿಗಿರಲಿ, ಲೆಕ್ಕ ಮಾಡೋಣ. ಪೆಟ್ರೋಲು ಲೀಟರಿಗೆ 100 ರೂ. ಎಂದು ಇಟ್ಟುಕೊಳ್ಳಿ. ದಿನಕ್ಕೆ 20 ಕಿ.ಮೀ.ನಂತೆ ತಿಂಗಳಿಗೆ 600 ಕಿ.ಮೀ. ಆಯಿತು. ನಿಮ್ಮದು ಹತ್ತು ಹದಿನೈದು ವರ್ಷದ ನೂರು ಸಿ.ಸಿ. ಗಾಡಿಯಾಗಿದ್ದು ಲೀಟರಿಗೆ 45 ಕೊಡುತ್ತಿದ್ದರೆ, 60 ಕೊಡುವ ಹೊಸ ಗಾಡಿಯಿಂದ ತಿಂಗಳಿಗೆ ಉಳಿಯುವುದು ಸುಮಾರು 330 ರೂ. ನನ್ನ ಯೆಜ್ಡಿಯಂತೆ 28 ಕೊಡುವ ಟೂ ಸ್ಟ್ರೋಕ್ ಗಾಡಿಯಾದರೆ ಸುಮಾರು 1,140 ರೂ. ಉಳಿಯುತ್ತದೆ, ಆಯಿಲಿನ ಖರ್ಚು ಬೇರೆ. ಇತ್ತ 70,000 ರೂ. ಸಾಲವನ್ನು ಶೇ. 14ರ ಬಡ್ಡಿಯಲ್ಲಿ 36 ತಿಂಗಳಿಗೆ ತೆಗೆದರೆ ಕಂತು 2,390 ರೂ. ಆಗುತ್ತದೆ, ಬಡ್ಡಿಯೇ 16,000 ದಾಟುತ್ತದೆ. ಉಳಿತಾಯ ಎಲ್ಲಿ, ಕಂತು ಎಲ್ಲಿ!

ಹಾಗೆಂದು ಎಲ್ಲರಿಗೂ ಇದೇ ಲೆಕ್ಕವಲ್ಲ. ನಾಗಮಂಗಲದಿಂದ ಮಂಡ್ಯಕ್ಕೆ ಹೋಗಿಬರುವುದೆಂದರೆ ಹತ್ತಿರ ಹತ್ತಿರ 80 ಕಿ.ಮೀ. ವಾರಕ್ಕೆ ಮೂರು ನಾಲ್ಕು ಸಲ ಹೀಗೆ ತಿರುಗುವ ತರಕಾರಿ ಬೆಳೆಗಾರನೋ, ದಿನಕ್ಕೆ 40 ಕಿ.ಮೀ. ಸುತ್ತುವ ರೇಷ್ಮೆ ಬೆಳೆಗಾರನೋ ಆದರೆ, ಟೂ ಸ್ಟ್ರೋಕ್ ಗಾಡಿ ಬಿಟ್ಟು ಹೊಸದಕ್ಕೆ ಹೋದಾಗ ಪೆಟ್ರೋಲಿನಲ್ಲೇ ತಿಂಗಳಿಗೆ 2,290 ರೂ. ಉಳಿಯುತ್ತದೆ. ಕಂತು ತಾನಾಗಿಯೇ ತೀರಿದಂತೆ. ಅಂಥವರಿಗೆ ಹೊಸದು ಬೇಡ ಎನ್ನಲು ನಾನು ಹುಚ್ಚನಲ್ಲ.

ಸಾಲದ ಮಾತು ಬಂದುದರಿಂದ ಒಂದು ಎಚ್ಚರಿಕೆ. "ಬಡ್ಡಿ ಬರೀ ಹತ್ತು ಪರ್ಸೆಂಟ್" ಎಂದಾಗ ಅದು ಫ್ಲಾಟ್ ರೇಟೇ ಎಂದು ಕೇಳಿ. ಫ್ಲಾಟ್ ರೇಟಿನಲ್ಲಿ ನೀವು ಕಂತು ಕಟ್ಟಿ ಅಸಲು ಇಳಿಸುತ್ತ ಹೋದರೂ ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ಕೊನೆಯವರೆಗೂ ಬಡ್ಡಿ. ಮೂರು ವರ್ಷಕ್ಕೆ 70,000ಕ್ಕೆ 21,000 ಬಡ್ಡಿಯಾಯಿತು. ಬ್ಯಾಂಕಿನ ಮಾಮೂಲು ಲೆಕ್ಕದಲ್ಲಿ ಅದು ಶೇ. 18ಕ್ಕೆ ಸಮ.

ಇನ್ನೊಂದು ಮಾತು. ಕಂತು ಪ್ರತಿ ತಿಂಗಳೂ ತಪ್ಪದೆ ಬರುತ್ತದೆ, ಕಬ್ಬಿನ ಹಣ ಹಾಗೆ ಬರುವುದಿಲ್ಲ. ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆ ಹದಿನಾಲ್ಕು ದಿನ ಎಷ್ಟು ತಿಂಗಳಾಗಿದೆ ಎಂಬುದು ನಿಮಗೆ ಗೊತ್ತಿರುವಷ್ಟು ನನಗೂ ಗೊತ್ತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿದ್ದ ವರ್ಷಗಳನ್ನು ಯಾರೂ ಮರೆತಿರಲಾರರು. ತಿಂಗಳ ಕಂತಿಗೆ ಆಧಾರವಾಗಬಲ್ಲದ್ದು ಹಾಲಿನ ಬಟವಾಡೆಯೊಂದೇ. ಅದರಿಂದ ಹಿಂಡಿ, ಬೂಸಾ, ಮನೆಯ ಸಾಮಾನು ಕಳೆದು ಎಷ್ಟು ಮಿಗುತ್ತದೆಂದು ಮನೆಯ ಹೆಂಗಸರನ್ನು ಕೇಳಿ ನೋಡಿ. ಆ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಕಬ್ಬಿನ ಬಾಕಿ ಪೂರ್ತಿ ಕೈಗೆ ಬಂದ ವರ್ಷ, ಬೆಳೆ ಸಾಲ ಕಟ್ಟಿದ ಮೇಲೂ ದುಡ್ಡು ಮಿಕ್ಕಿದ್ದರೆ, ರೊಕ್ಕ ಎಣಿಸಿ ಹೊಸದನ್ನು ಧಾರಾಳವಾಗಿ ತನ್ನಿ.

ಕಬ್ಬಿನಿಂದ ನೆನಪಾಯಿತು. ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥೆನಾಲ್ ಬೆರೆಸುತ್ತಾರೆ. 2023ರಲ್ಲಿ ಕೆಲವು ಬಂಕುಗಳಲ್ಲಿ ಆರಂಭವಾದದ್ದು 2025ರ ಹೊತ್ತಿಗೆ ದೇಶದ ಎಲ್ಲೆಡೆಗೂ ಬಂತು. ನಮ್ಮ ಗದ್ದೆಯ ಕಬ್ಬೇ ನಮ್ಮ ಟ್ಯಾಂಕಿಗೆ ಬಂದಂತಾಯಿತು; ಕಬ್ಬು ಬೆಳೆಗಾರರಾದ ನಾವು ಇದನ್ನು ಬೇಡ ಎನ್ನುವಂತಿಲ್ಲ. ಆದರೆ ಎಥೆನಾಲಿನ ಶಾಖ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ, ಆದ್ದರಿಂದ ಮೈಲೇಜು ಸ್ವಲ್ಪ ಕಡಿಮೆಯಾಗುತ್ತದೆ. ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. 2023ರ ಏಪ್ರಿಲ್‌ಗೆ ಮುಂಚಿನ ಗಾಡಿಗಳ ರಬ್ಬರು ಪೈಪು, ವಾಷರುಗಳು ಇದಕ್ಕೆಂದು ಮಾಡಿದವಲ್ಲ. ಹಳೆಯ ಗಾಡಿ ಇಟ್ಟುಕೊಳ್ಳುವವರು ಪೆಟ್ರೋಲ್ ಪೈಪನ್ನು ಆಗಾಗ್ಗೆ ಹಿಸುಕಿ ನೋಡಿ. ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಕೂಡಲೇ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರಿನ ಪೆಟ್ರೋಲನ್ನು ಹೊರಗೆ ಬಿಟ್ಟು ನಿಲ್ಲಿಸಿ. ಇದು ಹತ್ತು ನಿಮಿಷದ ಕೆಲಸ.

ಹೊಸ ಗಾಡಿಯ ಗುಣವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2019ರ ಏಪ್ರಿಲ್‌ನಿಂದ ಬಂದ ಸಣ್ಣ ಗಾಡಿಗಳಲ್ಲಿ ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರ ಹಿಡಿಯುವ ಏರ್ಪಾಡಿದೆ. ವಿ.ಸಿ. ನಾಲೆಯ ಏರಿಯ ಮೇಲೆ ಸಂಜೆಗತ್ತಲಲ್ಲಿ ಓಡಾಡುವವರಿಗೆ ಇದು ಸಣ್ಣ ಮಾತಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಹೋದ ಮೇಲೆ ಆ ಏರಿಗಳ ಮೇಲೆ ಹೋಗುವಾಗ ಎದೆ ಅಳುಕದವರು ಯಾರು? ಹಳೆಯ ಗಾಡಿಯ ಬ್ರೇಕ್ ಶೂ ಸವೆದಿದ್ದರೆ, ಟೈರು ಬೋಳಾಗಿದ್ದರೆ, ದೀಪ ಮಂಕಾಗಿದ್ದರೆ "ಊರೊಳಗೆ ತಾನೆ ಓಡಿಸುವುದು" ಎನ್ನಬೇಡಿ. ಚಾಸಿ ತುಕ್ಕು ಹಿಡಿದು ವೆಲ್ಡಿಂಗ್ ಹಾಕಿಸುವ ಸ್ಥಿತಿಗೆ ಬಂದಿದ್ದರೆ ಅಂಥ ಗಾಡಿಯ ಮೇಲೆ ಹಣ ಹಾಕುವುದು ವ್ಯರ್ಥ, ಅದನ್ನು ಬಿಟ್ಟುಬಿಡಿ.

ರಿಪೇರಿಯ ವಿಷಯದಲ್ಲಿ ಮಾತ್ರ ಹಳೆಯದೇ ಮೇಲು. ಬೋರ್ ಮಾಡಿಸಿ ಪಿಸ್ಟನ್, ರಿಂಗು ಹಾಕುವುದು, ಕ್ಲಚ್ ಪ್ಲೇಟು ಬದಲಿಸುವುದು ಕೆ.ಆರ್. ಪೇಟೆಯ ಯಾವ ಹಳೆಯ ಮೆಕ್ಯಾನಿಕ್ಕಿಗೂ ಕೈಗೂಡಿದ ಕೆಲಸ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರೇ ಇಲ್ಲ. ಪೆಟ್ರೋಲು ಚಿಮ್ಮುವುದನ್ನು ಆಳುವುದು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದು ಕೆಟ್ಟರೆ ಸ್ಕ್ಯಾನರ್ ಇರುವ ಕಡೆಗೇ ತಳ್ಳಿಕೊಂಡು ಹೋಗಬೇಕು.

ಈಗ ಮುಖ್ಯ ವಿಷಯ. ಗಾಡಿಯ ಆರ್.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಮಂಡ್ಯ ಅಥವಾ ನಾಗಮಂಗಲದ ಆರ್.ಟಿ.ಓ. ಕಚೇರಿಗೆ ಗಾಡಿಯನ್ನು ಒಯ್ದು ತೋರಿಸಿ ನವೀಕರಿಸಿಕೊಳ್ಳಬೇಕು. ಶುಲ್ಕ 2022ರ ಏಪ್ರಿಲ್‌ನಿಂದ 1,000 ರೂ. ಇತ್ತು, 20 ವರ್ಷ ದಾಟಿದ ಮೋಟಾರ್ ಸೈಕಲ್ಲಿಗೆ 2025ರ ಆಗಸ್ಟ್‌ನಲ್ಲಿ 2,000 ಮಾಡಿದರು. ಹಸಿರು ತೆರಿಗೆ ಪ್ರತ್ಯೇಕ. ಇಷ್ಟನ್ನು ಯಾರಾದರೂ ಕಟ್ಟಬಲ್ಲರು. ಆದರೆ ಅವಧಿ ಮೀರಿದರೆ ತಡವಾದ ಪ್ರತಿ ತಿಂಗಳಿಗೂ 300 ರೂ. ಹೆಚ್ಚುವರಿ ಶುಲ್ಕವಿದೆ. ಐದು ವರ್ಷ ಕೊಟ್ಟಿಗೆಯಲ್ಲಿ ಮರೆತ ಗಾಡಿಗೆ ಅದೇ 18,000 ಆಗುತ್ತದೆ, ಗಾಡಿ ಮಾರಿದರೂ ಅಷ್ಟು ಹುಟ್ಟಲಾರದು. ಇವತ್ತೇ ಆರ್.ಸಿ. ತೆಗೆದು ತಾರೀಖು ನೋಡಿ.

ವಿಮೆಯದೂ ಇದೇ ಕಥೆ. 2018ರ ಸೆಪ್ಟೆಂಬರ್‌ನಿಂದ ಹೊಸ ಗಾಡಿಯ ಜೊತೆಯಲ್ಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಬರುತ್ತದೆ. ಐದು ವರ್ಷ ನಿಶ್ಚಿಂತೆಯಾಗಿದ್ದವರಿಗೆ ಆರನೆಯ ವರ್ಷ ಬಂದದ್ದೇ ತಿಳಿಯುವುದಿಲ್ಲ. 2022ರ ಜೂನ್‌ನಲ್ಲಿ ಗೊತ್ತುಮಾಡಿದ ದರದಲ್ಲಿ 75ರಿಂದ 150 ಸಿ.ಸಿ.ವರೆಗಿನ ಗಾಡಿಗೆ ವರ್ಷಕ್ಕೆ 714 ರೂ., 350ರವರೆಗಿನದಕ್ಕೆ 1,366 ರೂ., ಮೇಲೆ ಜಿ.ಎಸ್.ಟಿ. ಇದನ್ನು ಉಳಿಸಲು ಹೋದರೆ ಏನಾಗುತ್ತದೆ?

ಪಾಂಡವಪುರದ ಕಡೆಯ ನಮ್ಮ ನೆಂಟರೊಬ್ಬರು ಹಳೆಯ ಗಾಡಿ ಕೊಟ್ಟು ಹೊಸದು ತಂದರು. ಅಂಗಡಿಯವರು ಹೇಳಿದ ಕಡೆಯೆಲ್ಲ ಸಹಿ ಹಾಕಿದರು. ಹೆಸರು ಬದಲಾಯಿತೇ ಎಂದು ಕೇಳಲಿಲ್ಲ. ಎರಡು ವರ್ಷದ ಮೇಲೆ ಕೋರ್ಟಿನಿಂದ ಕಾಗದ ಬಂತು. ಆ ಹಳೆಯ ಗಾಡಿ ಕೈಯಿಂದ ಕೈಗೆ ದಾಟಿ, ಬೇರೆ ಜಿಲ್ಲೆಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ಕೂಲಿಯವನಿಗೆ ಬಡಿದಿತ್ತು. ವಿಮೆ ಇರಲಿಲ್ಲ. ದಾಖಲೆಯಲ್ಲಿ ಮಾಲೀಕರು ಇವರೇ! ಮಾರಿದ್ದೇನೆ ಎಂಬ ಮಾತು ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನೆಂಟರು ನಾಲೆ ಬಯಲಿನ ಹದಿನೈದು ಗುಂಟೆ ಮಾರಿದರು. ಅವರ ತಂದೆಯ ಕಾಲದಿಂದ ಭತ್ತ ಬೆಳೆಯುತ್ತಿದ್ದ ನೆಲ. ಆ ಕೂಲಿಯವನ ಮನೆಯವರನ್ನು ಅವರು ಎಂದೂ ಬೈದದ್ದನ್ನು ನಾನು ಕೇಳಿಲ್ಲ. ಬೈಯುವುದಾದರೆ ಯಾರನ್ನು?

ಆದುದರಿಂದ ಹಳೆಯದನ್ನು ಕೊಡುವುದಾದರೆ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ ಸುಮ್ಮನಾಗಬೇಡಿ. ಮಾರಿದ 14 ದಿನದೊಳಗೆ ಆರ್.ಟಿ.ಓ.ಗೆ ನೀವೇ ತಿಳಿಸಬೇಕೆಂಬುದು ಕಾನೂನು. ಕೊಂಡವನ ಆಧಾರ್ ಪ್ರತಿ, ತಾರೀಖು ಹಾಗೂ ಗಂಟೆ ಬರೆದ ರಸೀತಿ ನಿಮ್ಮಲ್ಲಿರಲಿ. ತಿಂಗಳ ಮೇಲೆ ಯಾರಾದರೂ ಓದಿದ ಹುಡುಗನಿಂದ ಸರ್ಕಾರದ ವಾಹನ್ ತಾಣದಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಿಸಿ.

ಹೊಸದನ್ನು ತಂದು ಹಳೆಯದನ್ನು ಹೈಸ್ಕೂಲಿಗೆ ಹೋಗುವ ಮಗನಿಗೆ ಬಿಡುವ ರೂಢಿಯೂ ನಮ್ಮಲ್ಲಿ ಬೆಳೆಯುತ್ತಿದೆ. ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ಸಂಭವಿಸಿದರೆ 2019ರ ತಿದ್ದುಪಡಿಯಂತೆ ತಂದೆಗೆ 25,000 ರೂ. ದಂಡ, ಮೂರು ವರ್ಷದವರೆಗೆ ಸಜೆ. ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ.

ನನ್ನ ಯೆಜ್ಡಿಯನ್ನು ಕೇಳಿಕೊಂಡು ಬೆಂಗಳೂರಿನ ಹವ್ಯಾಸಿಗಳು ಎರಡು ಸಲ ಬಂದು ಹೋದರು. ಒಳ್ಳೆಯ ಬೆಲೆಯನ್ನೇ ಹೇಳಿದರು. ಮಾರಿದ್ದರೆ ಹೊಸದೊಂದು ಕೈಸಾಲವಿಲ್ಲದೆ ಬರುತ್ತಿತ್ತು, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋಗಿಬರುವುದು ನಾಲ್ಕು ಕಿ.ಮೀ., ಗದ್ದೆಗೆ ಮೂರು. ಅದರ ವಿಮೆ ಕಟ್ಟಿದ್ದೇನೆ, ಹೊಗೆ ತಪಾಸಣೆ ಮಾಡಿಸಿದ್ದೇನೆ, ಹೊಸ ನಂಬರ್ ಪ್ಲೇಟು ಹಾಕಿಸಿದ್ದೇನೆ. ಹಿಂದಿನ ಬ್ರೇಕ್ ಶೂ ಸವೆದಿದೆ. ಈ ವಾರ ಬದಲಿಸಬೇಕು.